ನಾನು ಐರ್ಲೆಂಡಿನ ನೌಕಾಪಡೆ ಸೇರಬಾರದೇ?

ಕಳೆದ ಸಲ ಈ ಪತ್ರಿಕೆಗೆ ನಾನು ಬರೆದದ್ದು ಆರನೇ ತರಗತಿಯಲ್ಲಿದ್ದಾಗ, ನಮ್ಮನೆಯ ಬೆಕ್ಕಿನ ಬಗ್ಗೆ. ಈ ಸಲದ ವಿಷಯ ಸ್ವಲ್ಪ ಜಗಳದ್ದು. ಓದಿ ಯಾರಿಗಾದರೂ ಬೇಜಾರಾದರೆ ಶನಿವಾರ ತರಗತಿ ಮುಗಿದ ಮೇಲೆ ಚಹಾ ಕುಡಿಯುವಾಗ ನನ್ನ ಹತ್ತಿರ ನೇರವಾಗಿ ಹೇಳಿ, ಅಪ್ಪ ಅಮ್ಮನ ಹತ್ತಿರ ಹೇಳಬೇಡಿ. ಅವರಿಗೆ ಈಗಾಗಲೇ ಸಾಕಷ್ಟು ಬೇಜಾರಾಗಿದೆ.

ನಾನು ಈಗ ಟ್ರಾನ್ಸಿಷನ್ ಇಯರ್‌ನಲ್ಲಿದ್ದೇನೆ. ಊರಿನಿಂದ ಹೊಸದಾಗಿ ಬಂದವರಿಗೆ ಹೇಳುವುದಾದರೆ, ಇದು ಇಲ್ಲಿನ ಹೈಸ್ಕೂಲಿನ ನಡುವೆ ಬರುವ ಒಂದು ವರ್ಷ. ದೊಡ್ಡ ಪರೀಕ್ಷೆ ಇರುವುದಿಲ್ಲ, ಪ್ರಾಜೆಕ್ಟ್ ಮಾಡಬೇಕು, ಎಲ್ಲಾದರೂ ಹೋಗಿ ಒಂದೆರಡು ವಾರ ಕೆಲಸ ಕಲಿಯಬೇಕು. ನನ್ನ ಅಜ್ಜನ ಪ್ರಕಾರ ಇದು ‘ಸರ್ಕಾರವೇ ಕೊಟ್ಟ ರಜೆ’. ಮುಂದೆ ಏನಾಗಬೇಕು ಅಂತ ಎಲ್ಲರೂ ಕೇಳುವ ವರ್ಷವೂ ಇದೇ. ದೀಪಾವಳಿ ಊಟದ ದಿನ ಒಬ್ಬರು ಆಂಟಿ ಕೇಳಿದರು, ನಾನು ಬಾಯ್ತಪ್ಪಿ ನಿಜ ಹೇಳಿಬಿಟ್ಟೆ. ‘ಲೀವಿಂಗ್ ಸರ್ಟ್ ಆದಮೇಲೆ ನೇವಿಗೆ ಕೆಡೆಟ್ ಆಗಿ ಅರ್ಜಿ ಹಾಕಬೇಕು ಅಂತಿದ್ದೇನೆ ಆಂಟಿ.’

‘ಇಂಡಿಯನ್ ನೇವಿನಾ?’

‘ಅಲ್ಲ, ಇಲ್ಲಿಯದು. ಐರಿಷ್.’

ಆಂಟಿ ಹೋಳಿಗೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಅಮ್ಮನ ಕಡೆ ನೋಡಿದರು. ಆ ನೋಟಕ್ಕೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ.

ನಾವು ಇರುವುದು ಕಾರ್ಕ್‌ನಲ್ಲಿ. ಕೋವ್‌ಗೆ ರೈಲಿನಲ್ಲಿ ಹೋಗಿ ದಂಡೆಯ ಮೇಲೆ ನಿಂತರೆ ಎದುರಿಗೇ ಹಾಲ್‌ಬೋಲೈನ್ ದ್ವೀಪ ಕಾಣುತ್ತದೆ, ಅದೇ ಐರಿಷ್ ನೌಕಾಪಡೆಯ ನೆಲೆ. ಬೂದು ಬಣ್ಣದ ಹಡಗುಗಳು ನಿಂತಿರುತ್ತವೆ. ನನಗೆ ಮೊದಲು ಇಷ್ಟವಾದದ್ದು ಅವುಗಳ ಹೆಸರು: ಸ್ಯಾಮ್ಯುಯೆಲ್ ಬೆಕೆಟ್, ಜೇಮ್ಸ್ ಜಾಯ್ಸ್, ವಿಲಿಯಂ ಬಟ್ಲರ್ ಯೇಟ್ಸ್, ಜಾರ್ಜ್ ಬರ್ನಾರ್ಡ್ ಶಾ. ನಾಲ್ಕೂ ಸಾಹಿತಿಗಳು! ಕಾರವಾರದಲ್ಲಿ ‘ಕುವೆಂಪು’ ಅಂತ ಒಂದು ಯುದ್ಧನೌಕೆ, ಅದರ ಪಕ್ಕದಲ್ಲಿ ‘ಬೇಂದ್ರೆ’ ನಿಂತಿದ್ದರೆ ಹೇಗಿರುತ್ತದೆ ಯೋಚಿಸಿ. ಆ ‘ಯೇಟ್ಸ್’ ಹಡಗು 2023ರ ಸೆಪ್ಟೆಂಬರ್‌ನಲ್ಲಿ ಎಂವಿ ಮ್ಯಾಥ್ಯೂ ಎಂಬ ಸರಕು ಹಡಗನ್ನು ಬೆನ್ನಟ್ಟಿ ಹಿಡಿಯುವಲ್ಲಿ ಪಾಲ್ಗೊಂಡಿತು. ಒಳಗೆ ಎರಡು ಟನ್‌ಗೂ ಹೆಚ್ಚು ಕೊಕೇನ್ ಇತ್ತು. 2015ರಲ್ಲಿ ಇದೇ ನೌಕಾಪಡೆ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ, ಮುಳುಗುತ್ತಿದ್ದ ದೋಣಿಗಳಿಂದ ಸಾವಿರಾರು ನಿರಾಶ್ರಿತರನ್ನು ಎತ್ತಿ ಉಳಿಸಿತು. ಸಣ್ಣ ಪಡೆ. ಜನ ಸಾಲದೆ ಕೆಲವು ಹಡಗುಗಳನ್ನು ದಡಕ್ಕೆ ಕಟ್ಟಿಹಾಕಬೇಕಾಗಿ ಬಂದಿದೆ. ಜನ ಬೇಕು ಅಂತ ಅವರು ಕೇಳುತ್ತಿದ್ದಾರೆ, ನನಗೆ ಹೋಗಬೇಕು ಅಂತ ಇದೆ. ಲೆಕ್ಕ ಸರಳವಾಗಿ ಕಾಣುತ್ತದೆ ಅಲ್ಲವೇ?

ಮನೆಯಲ್ಲಿ ಸರಳವಾಗಿ ಕಾಣಲಿಲ್ಲ. ಅಪ್ಪನದು ಒಂದು ವಾದ, ಅಮ್ಮನದು ಇನ್ನೊಂದು, ಹೊನ್ನಾವರದಿಂದ ವಾಟ್ಸಾಪ್‌ನಲ್ಲಿ ಅಜ್ಜನದು ಮೂರನೆಯದು. ಅಪ್ಪನದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ನಿಮ್ಮೆಲ್ಲರ ಮನೆಯಲ್ಲೂ ಇರುವ ವಾದ: 625 ಪಾಯಿಂಟ್ಸ್, ಮೆಡಿಸಿನ್, ಇಲ್ಲದಿದ್ದರೆ ಎಂಜಿನಿಯರಿಂಗ್. ನೇವಿಯಲ್ಲೂ ಎಂಜಿನಿಯರುಗಳು ಇರುತ್ತಾರಪ್ಪಾ ಅಂದೆ. ‘ಅದು ಬೇರೆ’ ಅಂದರು.

ಅಜ್ಜನ ವಾದ ಹಾಗಲ್ಲ. ಅಜ್ಜ ಕೇಳಿದ್ದು, ‘ಎಂತದೇ ಕೂಸೆ, ಬೇರೆಯವರ ಬಾವುಟಕ್ಕೆ ಸೆಲ್ಯೂಟ್ ಹೊಡೀಲಿಕ್ಕೆ ಅಷ್ಟು ದೂರ ಹೋದ್ಯಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ನನ್ನ ಟ್ರಾನ್ಸಿಷನ್ ಇಯರ್ ಇತಿಹಾಸದ ಪ್ರಾಜೆಕ್ಟ್‌ಗೆ ಇದೇ ಪ್ರಶ್ನೆ ಇಟ್ಟುಕೊಂಡೆ: ಬೇರೆ ದೇಶದ ಬಾವುಟದ ಕೆಳಗೆ ಕೆಲಸ ಮಾಡಿದವರು ಯಾರು, ಅವರು ಒಳ್ಳೆಯದು ಮಾಡಿದರೋ ಕೆಟ್ಟದ್ದು ಮಾಡಿದರೋ? ಹುಡುಕಲು ದೂರ ಹೋಗಬೇಕಾಗಲಿಲ್ಲ, ಐರ್ಲೆಂಡಿನ ತುಂಬ ಅಂಥವರೇ.

ಪೀಟರ್ ಲೇಸಿಯಿಂದ ಶುರು ಮಾಡುತ್ತೇನೆ. ಹುಟ್ಟಿದ್ದು 1678ರಲ್ಲಿ, ಲಿಮರಿಕ್ ಕೌಂಟಿಯ ಕಿಲೀಡಿಯಲ್ಲಿ. ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. 1691ರಲ್ಲಿ ಲಿಮರಿಕ್ ನಗರಕ್ಕೆ ಇಂಗ್ಲಿಷರ ಮುತ್ತಿಗೆ ಬಿದ್ದಾಗ ಹದಿಮೂರು ವರ್ಷದ ಈ ಹುಡುಗ ಕೋಟೆಯ ಒಳಗೆ ಸೈನಿಕನಾಗಿದ್ದ. ಹದಿಮೂರು! ನನ್ನ ತಮ್ಮನಿಗೆ ಹದಿಮೂರು, ಅವನಿಗೆ ಲಂಚ್ ಬಾಕ್ಸ್ ತೊಳೆಯಲು ಇನ್ನೂ ಮೂರು ಸಲ ಹೇಳಬೇಕು. ಕೋಟೆ ಸೋತಿತು, ಒಪ್ಪಂದವಾಯಿತು. ಆ ಒಪ್ಪಂದದ ನೆನಪಿನ ಕಲ್ಲು ಈಗಲೂ ಲಿಮರಿಕ್‌ನ ಥೋಮಂಡ್ ಸೇತುವೆಯ ಪಕ್ಕದಲ್ಲಿದೆ. ಸೋತ ಸೈನಿಕರು ಸುಮಾರು 14,000 ಜನ ಹಡಗು ಹತ್ತಿ ಫ್ರಾನ್ಸ್‌ಗೆ ಹೊರಟರು. ಇವರನ್ನು ‘ಕಾಡು ಬಾತುಗಳು’ ಅಂತ ಕರೆಯುತ್ತಾರೆ. ಆಮೇಲೆ ಬಂದ ಕಾನೂನುಗಳಿಂದ ಐರ್ಲೆಂಡಿನ ಕ್ಯಾಥೊಲಿಕರು ತಮ್ಮ ದೇಶದಲ್ಲೇ ಸೇನೆಯ ಅಧಿಕಾರಿ ಆಗುವಂತಿರಲಿಲ್ಲ, ಸರ್ಕಾರಿ ಹುದ್ದೆ ಹಿಡಿಯುವಂತಿರಲಿಲ್ಲ. ಹಾಗಾಗಿ ಮುಂದಿನ ನೂರು ವರ್ಷ ಇಲ್ಲಿನ ಹುಡುಗರು ಫ್ರಾನ್ಸ್, ಸ್ಪೇನ್, ಆಸ್ಟ್ರಿಯಾ ಅಂತ ಹೋಗುತ್ತಲೇ ಇದ್ದರು. ಲೇಸಿಯ ತಂದೆ, ಅಣ್ಣಂದಿರು ಫ್ರಾನ್ಸಿಗಾಗಿ ಹೋರಾಡುತ್ತಾ ಸತ್ತರು. ಲೇಸಿ ಮಾತ್ರ ಪೂರ್ವಕ್ಕೆ ಹೋಗುತ್ತಾ ಹೋಗುತ್ತಾ 1700ರ ಹೊತ್ತಿಗೆ ರಷ್ಯಾದಲ್ಲಿ, ಪೀಟರ್ ದೊರೆಯ ಸೇನೆಯಲ್ಲಿ ಇದ್ದ.

ಈ ಪೀಟರ್ ದೊರೆಯ ಬಗ್ಗೆ ಹೇಳಲೇಬೇಕು. ರಷ್ಯಾಕ್ಕೆ ನೌಕಾಪಡೆ ಬೇಕು ಅನ್ನಿಸಿದಾಗ ಅವನು ಆಜ್ಞೆ ಮಾಡಿ ಸುಮ್ಮನೆ ಕೂರಲಿಲ್ಲ. 1697ರಲ್ಲಿ ಹೆಸರು ಮರೆಮಾಚಿ ಹಾಲೆಂಡಿಗೆ ಹೋಗಿ, ಹಡಗು ಕಟ್ಟುವಲ್ಲಿ ಬಡಗಿಯಾಗಿ ಕೊಡಲಿ ಹಿಡಿದ. ಆಮೇಲೆ ತನ್ನದೇ ನೌಕಾಪಡೆಯಲ್ಲಿ ಕೆಳಗಿನಿಂದ ಒಂದೊಂದೇ ಬಡ್ತಿ ಪಡೆದ. 1714ರಲ್ಲಿ ಗಂಗುಟ್ ಎಂಬಲ್ಲಿ ಸ್ವೀಡನ್ನಿನ ಹಡಗುಗಳನ್ನು ಸೋಲಿಸಿದಾಗ ದೊರೆ ಬರೀ ರಿಯರ್ ಅಡ್ಮಿರಲ್! ಅವನ ಮೇಲಧಿಕಾರಿ ಫ್ಯೋದರ್ ಅಪ್ರಾಕ್ಸಿನ್ ಎಂಬ ಶ್ರೀಮಂತ ಮನೆತನದವನು. ಗೆದ್ದ ಮೇಲೆ ದೊರೆಗೆ ವೈಸ್ ಅಡ್ಮಿರಲ್ ಆಗಿ ಬಡ್ತಿ ಸಿಕ್ಕಿತು.

ಅಪ್ರಾಕ್ಸಿನ್‌ನ ದಾರಿ ಬೇರೆ. ಅವನ ತಂಗಿ ಮಾರ್ಫಾ, ಪೀಟರನ ಅಣ್ಣ ಫ್ಯೋದರ್ ದೊರೆಯ ರಾಣಿ. ಅರಮನೆಯ ಬಾಗಿಲು ಹುಟ್ಟಿನಿಂದಲೇ ತೆರೆದಿತ್ತು ಅಂದ ಹಾಗೆ. ಜನರಲ್ ಅಡ್ಮಿರಲ್ ಆದ, ನೌಕಾ ಇಲಾಖೆಯಾದ ಅಡ್ಮಿರಾಲ್ಟಿ ಕಾಲೇಜಿನ ಮೊದಲ ಅಧ್ಯಕ್ಷನಾದ, ರಾಜ್ಯದ ದೊಡ್ಡ ಹುದ್ದೆಗಳಲ್ಲಿ ಇದ್ದ. ಅಂಥವನೂ ಲೆಕ್ಕದ ಅವ್ಯವಹಾರದ ವಿಚಾರಣೆಯಲ್ಲಿ ದಂಡ ಕಟ್ಟಬೇಕಾಯಿತು. 1722ರಲ್ಲಿ ಪೀಟರ್ ಒಂದು ಪಟ್ಟಿ ಹೊರಡಿಸಿದ, ಒಟ್ಟು 14 ಮೆಟ್ಟಿಲು. ಸೇನೆ ಅಥವಾ ನೌಕಾಪಡೆಯಲ್ಲಿ ಅತಿ ಕೆಳಗಿನ ಅಧಿಕಾರಿಯ ಮೆಟ್ಟಿಲು ಹತ್ತಿದರೂ ಸಾಕು, ನೀನೂ ನಿನ್ನ ಮಕ್ಕಳೂ ಕುಲೀನರು. ಕಚೇರಿ ಕೆಲಸದವರಾದರೆ ಎಂಟನೇ ಮೆಟ್ಟಿಲವರೆಗೆ ಹತ್ತಬೇಕು. ಹುಟ್ಟಿದ ಮನೆಗಿಂತ ಮಾಡಿದ ಕೆಲಸ ಮುಖ್ಯ ಅಂತ ಕಾಗದದ ಮೇಲೆ ಬರೆದದ್ದು ಅದು. ಈ ಪಟ್ಟಿಯನ್ನು ಅಪ್ಪನಿಗೆ ತೋರಿಸಿದೆ. ‘ನಮ್ಮ ಸಿಎಒ ಪಾಯಿಂಟ್ಸ್ ಇದ್ದ ಹಾಗೆ’ ಅಂದರು. ಅಪ್ಪನ ಜತೆ ಮಾತಾಡುವುದು ಕಷ್ಟ.

ಲೇಸಿ ಆ ಮೆಟ್ಟಿಲುಗಳನ್ನು ಹತ್ತಿ ತುದಿ ಮುಟ್ಟಿದ. 1709ರಲ್ಲಿ ಪೊಲ್ಟಾವಾ ಯುದ್ಧದಲ್ಲಿ ಗಾಯಗೊಂಡ, 1736ರಲ್ಲಿ ಅಜೋವ್ ಕೋಟೆ ಹಿಡಿದ, ಅದೇ ವರ್ಷ ಫೀಲ್ಡ್ ಮಾರ್ಷಲ್ ಆದ. ಕೌಂಟ್ ಪದವಿ ಬಂತು. ಲಿವೋನಿಯಾದ ಗವರ್ನರ್ ಆಗಿ, 1751ರಲ್ಲಿ ರಿಗಾ ನಗರದಲ್ಲಿ ತೀರಿಕೊಂಡ. ಕಿಲೀಡಿಯ ಹುಡುಗ ರಷ್ಯನ್ ಪುಸ್ತಕಗಳಲ್ಲಿ ಪ್ಯೋತ್ರ್ ಪೆತ್ರೋವಿಚ್ ಲಾಸ್ಸಿ. ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ. 1741ರಲ್ಲಿ ಒಂದು ರಾತ್ರಿ ಅರಮನೆಯಲ್ಲಿ ಕ್ರಾಂತಿಯಾಗಿ ಪೀಟರನ ಮಗಳು ಎಲಿಜಬೆತ್ ಅಧಿಕಾರ ಕಸಿದುಕೊಂಡಳು. ನಿದ್ದೆಯಲ್ಲಿದ್ದ ಮುದುಕ ಲೇಸಿಯನ್ನು ಎಬ್ಬಿಸಿ, ನೀನು ಯಾವ ಪಕ್ಷ ಅಂತ ಕೇಳಿದರಂತೆ. ಯಾರು ಗೆದ್ದರು ಅಂತಲೂ ಗೊತ್ತಿಲ್ಲದ ಲೇಸಿ, ಈಗ ಆಳುತ್ತಿರುವವರ ಪಕ್ಷ ಅಂದನಂತೆ.

ತರಗತಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದಾಗ ಮಾತ್ರ ಅಷ್ಟು ನಗು ಬರಲಿಲ್ಲ. ಅದು ಜಾಣತನದ ಉತ್ತರ ನಿಜ, ಆದರೆ ಅಂಥ ಉತ್ತರ ಕೊಡುವವನು ಯಾರು ಹೇಳಿದರೆ ಏನು ಮಾಡಲಿಕ್ಕಿಲ್ಲ? 1719ರ ಬೇಸಗೆಯಲ್ಲಿ ಅಪ್ರಾಕ್ಸಿನ್‌ನ ಕೈಕೆಳಗೆ ಲೇಸಿ ಹುಟ್ಟು ಹಾಕುವ ಗ್ಯಾಲಿ ಹಡಗುಗಳ ಒಂದು ತಂಡ ಕರೆದುಕೊಂಡು ಸ್ಟಾಕ್‌ಹೋಮ್‌ನ ಉತ್ತರದ ಕರಾವಳಿಗೆ ಹೋದ. ಹಳ್ಳಿಗಳನ್ನು, ಗಿರಣಿಗಳನ್ನು, ಕಬ್ಬಿಣದ ಕಾರ್ಖಾನೆಗಳನ್ನು ಸುಡುತ್ತಾ ಹೋದ. ಸ್ವೀಡನ್ ಒಪ್ಪಂದಕ್ಕೆ ಬರಲಿ ಎಂದು ಮಾಡಿದ ಕೆಲಸ ಅದು. 1737ರಲ್ಲಿ ಕ್ರಿಮಿಯಾದಲ್ಲೂ ಊರುಗಳು ಉರಿದವು. ಸ್ವೀಡನ್ನಿನ ಆ ಹಳ್ಳಿಯವರು ಲಿಮರಿಕ್‌ಗೆ ಯಾವ ಕೆಡುಕು ಮಾಡಿದ್ದರು? ತನ್ನ ಊರು ಮುತ್ತಿಗೆಯಲ್ಲಿ ನರಳಿದ್ದನ್ನು ಹದಿಮೂರನೇ ವಯಸ್ಸಿಗೇ ನೋಡಿದವನು ಇನ್ನೊಬ್ಬರ ಊರಿಗೆ ಬೆಂಕಿ ಇಟ್ಟ. ನನ್ನ ಪ್ರಾಜೆಕ್ಟಿನ ಪೋಸ್ಟರ್‌ನಲ್ಲಿ ಮೊದಲು ಅವನ ಚಿತ್ರದ ಕೆಳಗೆ ‘ಹೀರೋ’ ಅಂತ ಬರೆದಿದ್ದೆ, ಆಮೇಲೆ ಅದರ ಮೇಲೆ ಬಿಳಿ ಕಾಗದ ಅಂಟಿಸಿದೆ.

ಇದನ್ನು ಅಜ್ಜನಿಗೆ ಹೇಳಿದಾಗ ಅವರಿಗೆ ಖುಷಿಯೋ ಖುಷಿ. ‘ನಾನು ಹೇಳ್ಲಿಲ್ವಾ!’ ಅಂದರು. ಆದರೆ ನನ್ನ ಹತ್ತಿರ ಅಜ್ಜನಿಗೂ ಒಂದು ಕಥೆ ಇತ್ತು, ಅವರದೇ ಊರಿನದು.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗ ನಿಮಗೆ ಗೊತ್ತಿರಬಹುದು. ಐನೂರು ವರ್ಷದ ಹಿಂದೆ ಅಲ್ಲಿ ತಿಮ್ಮಯ್ಯ ಅಂತ ಒಬ್ಬ ನಾವಿಕ ಇದ್ದ. ಪೋರ್ಚುಗೀಸರು ಅವನನ್ನು ತಿಮೋಜಾ ಅಂತ ಬರೆದಿಟ್ಟಿದ್ದಾರೆ. ಅವನಿಗೆ ಹಡಗುಗಳಿದ್ದವು, ಜನ ಇದ್ದರು. ವಿಜಯನಗರದ ಕಡೆಯವನು. ಶತ್ರುಗಳಿಗೆ ಕುದುರೆ ತರುವ ಹಡಗುಗಳನ್ನು ತಡೆಯುವುದು ಅವನ ಕೆಲಸ. ತಡೆದವನನ್ನು ಒಂದು ಕಡೆಯವರು ನಾವಿಕ ಅಂದರೆ ಇನ್ನೊಂದು ಕಡೆಯವರು ಕಡಲ್ಗಳ್ಳ ಅನ್ನುತ್ತಾರೆ. 1510ರಲ್ಲಿ ಅಲ್ಬುಕರ್ಕ್ ಎಂಬ ಪೋರ್ಚುಗೀಸ್ ದಂಡನಾಯಕ ಈ ದಾರಿಯಲ್ಲಿ ಬಂದಾಗ, ಗೋವಾದ ಮೇಲೆ ಈಗಲೇ ಹೋಗು ಅಂತ ಅವನಿಗೆ ಸಲಹೆ ಕೊಟ್ಟವನು ಇದೇ ತಿಮ್ಮಯ್ಯ. ತನ್ನ ಹಡಗು, ಜನರನ್ನೂ ಜತೆಗೆ ಕಳಿಸಿದ. ಗೋವಾ ಬಿತ್ತು, ತಿಮ್ಮಯ್ಯನಿಗೆ ಅಲ್ಲಿ ಅಧಿಕಾರವೂ ಸಿಕ್ಕಿತು. ತನ್ನ ರಾಜನ ಶತ್ರುವಾದ ಬಿಜಾಪುರದವರನ್ನು ಓಡಿಸಲು ಇವರನ್ನು ಬಳಸಿಕೊಳ್ಳುತ್ತೇನೆ ಅಂತ ಅವನು ಅಂದುಕೊಂಡಿದ್ದನೇನೋ. ಬಂದವರು 1961ರವರೆಗೆ ಹೋಗಲಿಲ್ಲ!

ನೋಡಿ, ತಿಮ್ಮಯ್ಯ ಈ ಕರಾವಳಿ ಬಿಟ್ಟು ದೂರದ ದೇಶಕ್ಕೆ ವಲಸೆ ಹೋಗಿರಲಿಲ್ಲ. ಪಾಸ್‌ಪೋರ್ಟ್ ಬದಲಿಸಲಿಲ್ಲ. ಹೊನ್ನಾವರದಲ್ಲೇ ಇದ್ದು ಹಾಗಾಯಿತು. ಅದೇ ಶರಾವತಿಯ ದಡದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಮುಂದೆ ಅದೇ ಪೋರ್ಚುಗೀಸರ ವಿರುದ್ಧ ನಿಂತಳು. ಅವರು ಅವಳನ್ನು ಕರಿಮೆಣಸಿನ ರಾಣಿ ಅಂತ ಕರೆದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಈ ತಿಮ್ಮಯ್ಯನ ಕಥೆ ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ ಮಾರಾಯ್ತಿ’ ಅಂದರು.

ಅಜ್ಜನಿಗೆ ನೌಕಾಪಡೆ ಅಂದರೆ ಪುಸ್ತಕದ ವಿಷಯ ಅಲ್ಲ. ನಾನು ಏಳನೇ ವಯಸ್ಸಿನಲ್ಲಿ ಊರಿಗೆ ಹೋದಾಗ ಕಾರವಾರದ ಕಡಲ ದಂಡೆಯಲ್ಲಿ ನಿಲ್ಲಿಸಿರುವ ‘ಚಪಲ’ ಯುದ್ಧನೌಕೆಯನ್ನು ಹತ್ತಿಸಿ ತೋರಿಸಿದವರು ಅವರೇ. ನನಗೆ ಹಡಗಿನ ಹುಚ್ಚು ಹತ್ತಿದ್ದು ಅಲ್ಲಿ, ಹಾಗಾಗಿ ತಪ್ಪು ಅಜ್ಜನದೇ. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಸೀಬರ್ಡ್ ನೌಕಾನೆಲೆಯ ಉದ್ದದ ಗೋಡೆ ತೋರಿಸಿ, ಇದಕ್ಕಾಗಿ ಕಾರವಾರ, ಅಂಕೋಲಾ ಕಡೆಯ ಎಷ್ಟೋ ಊರಿನವರು ಮನೆ, ಗದ್ದೆ, ದಂಡೆ ಬಿಟ್ಟು ಎದ್ದರು ಅಂತಲೂ ಹೇಳಿದ್ದರು. ಐಎನ್ಎಸ್ ಕದಂಬ ಅಂತ ಆ ನೆಲೆ ಶುರುವಾದದ್ದು 2005ರಲ್ಲಿ. ಸ್ವಂತ ದೇಶದ ಬಾವುಟವೂ ಯಾರದೋ ಮನೆಯ ಅಂಗಳದ ಮೇಲೆ ನೆರಳು ಹಾಕಿರುತ್ತದೆ ಅಂತ ನನಗೆ ಮೊದಲು ತಿಳಿಸಿದವರು ಅಜ್ಜ. ಈಗ ಅವರೇ ಬಾವುಟದ ಲೆಕ್ಕ ಕೇಳುತ್ತಿದ್ದಾರೆ.

ನನಗೆ ನಿಜವಾಗಿ ಇಷ್ಟವಾದವನು ವಿಲಿಯಂ ಬ್ರೌನ್. ಮೇಯೋ ಕೌಂಟಿಯ ಫಾಕ್ಸ್‌ಫರ್ಡ್‌ನಲ್ಲಿ 1777ರಲ್ಲಿ ಹುಟ್ಟಿದವನು. ಅಪ್ಪನ ಜತೆ ಅಮೆರಿಕಕ್ಕೆ ಹೋದ, ಹೋದ ಸ್ವಲ್ಪ ಕಾಲಕ್ಕೇ ಅಪ್ಪ ಹಳದಿ ಜ್ವರದಿಂದ ಸತ್ತ. ಗುರುತಿಲ್ಲದ ಊರಿನಲ್ಲಿ ಒಬ್ಬಂಟಿ ಹುಡುಗ ಹಡಗಿನಲ್ಲಿ ಚಾಕರಿಗೆ ಸೇರಿದ. ಹಾಗೇ ಸಮುದ್ರ ಕಲಿತ. ಕೊನೆಗೆ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ತಲುಪಿದಾಗ ಅಲ್ಲಿನ ಜನ ಸ್ಪೇನ್ ದೊರೆಯಿಂದ ಬಿಡುಗಡೆಗೆ ಹೋರಾಡುತ್ತಿದ್ದರು, ಆದರೆ ಅವರಿಗೆ ಹೇಳಿಕೊಳ್ಳುವಂಥ ಹಡಗುಪಡೆ ಇರಲಿಲ್ಲ. 1814ರಲ್ಲಿ ಬ್ರೌನ್ ಕೈಗೆ ಒಂದು ಸಣ್ಣ ಪಡೆ ಕೊಟ್ಟರು, ಅದೇ ವರ್ಷ ಅವನು ಮೊಂಟೆವಿಡಿಯೊ ಎದುರು ಸ್ಪೇನಿನ ಹಡಗುಗಳನ್ನು ಸೋಲಿಸಿದ. ಮುಂದೆ ಬ್ರೆಜಿಲ್ ಜತೆಗಿನ ಯುದ್ಧದಲ್ಲಿ ದೊಡ್ಡ ಹಡಗುಗಳ ಎದುರು ಕಡಿಮೆ ಹಡಗು ಇಟ್ಟುಕೊಂಡು ನಿಂತ, 1827ರಲ್ಲಿ ಹುಂಕಾಲ್ ಎಂಬಲ್ಲಿ ಗೆದ್ದ. ಸ್ವಲ್ಪ ಕಾಲ ಬ್ಯೂನಸ್ ಐರಿಸ್‌ನ ಗವರ್ನರ್ ಕೂಡ ಆಗಿದ್ದ. ಅರ್ಜೆಂಟೀನಾದಲ್ಲಿ ಅವನು ನೌಕಾಪಡೆಯ ಪಿತಾಮಹ, ಅಲ್ಮಿರಾಂತೆ ಬ್ರೌನ್. ಅವನ ಹೆಸರಿನ ಊರುಗಳು, ಬೀದಿಗಳು, ಫುಟ್‌ಬಾಲ್ ತಂಡ ಎಲ್ಲ ಇವೆ. 1857ರಲ್ಲಿ ಅಲ್ಲೇ ಸತ್ತ, ಅಲ್ಲೇ ಸಮಾಧಿ. ಆದರೆ 1847ರಲ್ಲಿ, ಇಲ್ಲಿ ಆಲೂಗಡ್ಡೆಯ ಬರಗಾಲದಲ್ಲಿ ಜನ ಸಾಯುತ್ತಿದ್ದಾಗ, ಎಪ್ಪತ್ತು ವರ್ಷದ ಅಡ್ಮಿರಲ್ ಐರ್ಲೆಂಡಿಗೆ ಬಂದು ತನ್ನ ಊರು ನೋಡಿ ಹೋದ. ಈಗ ಡಬ್ಲಿನ್‌ನ ಲಿಫಿ ನದಿಯ ದಂಡೆಯಲ್ಲಿ, ಸರ್ ಜಾನ್ ರೋಜರ್ಸನ್ಸ್ ಕೀ ಎಂಬಲ್ಲಿ ಅವನ ಪ್ರತಿಮೆ ಇದೆ. ಹೋಗಿ ಬಂದೆ. ಮಳೆ ಇತ್ತು.

ಅಂದರೆ ಬೇರೆ ದೇಶದ ನೌಕಾಪಡೆ ಕಟ್ಟಿದವನಿಗೆ ಐರ್ಲೆಂಡ್ ಪ್ರತಿಮೆ ಮಾಡಿ ನಿಲ್ಲಿಸಿದೆ. ಅವನು ನಮ್ಮನ್ನು ಬಿಟ್ಟು ಹೋದ ಅಂತ ಯಾರೂ ಅನ್ನುವುದಿಲ್ಲ. ನಮ್ಮವನು ಅಲ್ಲಿ ಹೋಗಿ ಏನು ಮಾಡಿದ ನೋಡಿ ಅನ್ನುತ್ತಾರೆ. ಲಿಯೋ ವರಾಡ್ಕರ್ 2017ರಲ್ಲಿ ಇಲ್ಲಿ ಪ್ರಧಾನಿಯಾದಾಗ ನಾವೂ ಹಾಗೇ ಅಂದೆವಲ್ಲ? ಅವರ ತಂದೆಯ ಕುಟುಂಬದ ಊರು ವರಾಡ, ಮಾಲ್ವಣದ ಹತ್ತಿರ, ನಮ್ಮ ಕಾರವಾರದಿಂದ ಕರಾವಳಿಯಲ್ಲೇ ಉತ್ತರಕ್ಕೆ. ಆವತ್ತು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಹೂಗುಚ್ಛ, ಎಷ್ಟು ಚಪ್ಪಾಳೆ! ಬೇರೆಯವರ ಮನೆಯ ಮಗ ಈ ದೇಶದ ಸೇವೆಗೆ ಹೋದರೆ ಹೆಮ್ಮೆ, ನಮ್ಮ ಮನೆಯ ಮಗಳು ಹೋಗುತ್ತೇನೆ ಅಂದರೆ ಹೋಳಿಗೆ ಅರ್ಧದಲ್ಲಿ ನಿಲ್ಲುತ್ತದೆ.

ಈಗ ಅಮ್ಮನ ವಾದ. ಇದನ್ನು ಕೊನೆಗೆ ಇಟ್ಟುಕೊಂಡದ್ದು ಇದು ಕಷ್ಟದ್ದು ಅಂತ. 2025ರ ಬೇಸಗೆ ನೆನಪಿದೆಯಲ್ಲ. ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಒಂದರ ಹಿಂದೆ ಒಂದು ಹಲ್ಲೆ ಆಯಿತು. ಆಗಸ್ಟ್‌ನಲ್ಲಿ ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಕೊಟ್ಟಿತು, ಫೀನಿಕ್ಸ್ ಪಾರ್ಕ್‌ನ ಇಂಡಿಯಾ ಡೇ ಮುಂದೂಡಿದರು. ಆ ತಿಂಗಳಲ್ಲೇ ನಾನು ಬಸ್‌ಸ್ಟಾಪ್‌ನಲ್ಲಿ ನಿಂತಿದ್ದಾಗ ಮೂವರು ಹುಡುಗರು, ನನಗಿಂತ ಚಿಕ್ಕವರು, ನಿನ್ನ ದೇಶಕ್ಕೆ ಹೋಗು ಅಂತ ಕೂಗಿ ಅರ್ಧ ಕುಡಿದ ಕೋಕ್ ಬಾಟಲಿ ಎಸೆದರು. ಬಾಟಲಿ ತಾಗಲಿಲ್ಲ. ನನ್ನ ಬ್ಯಾಗ್ ಅಂಟಂಟಾಯಿತು, ಅಷ್ಟೇ. ಮನೆಗೆ ಬಂದು ತೊಳೆಯುವಾಗ ಅಮ್ಮ ನೋಡಿದರು. ಅವರು ಹೇಳಿದ್ದು, ‘ಇವರಿಗಾಗಿ ನೀನು ಸಮುದ್ರದಲ್ಲಿ ಪ್ರಾಣ ಒತ್ತೆ ಇಡಬೇಕಾ ಪುಟ್ಟಿ?’

ಅಮ್ಮ ನರ್ಸ್. ಅದೇ ದಿನ ಸಂಜೆ ಏಳೂವರೆಗೆ ಅವರು ನೈಟ್ ಡ್ಯೂಟಿಗೆ ಹೊರಟರು. ಆ ರಾತ್ರಿ ವಾರ್ಡಿನಲ್ಲಿ ಮಲಗಿದ್ದವರಲ್ಲಿ ಆ ಹುಡುಗರ ಅಜ್ಜಿಯೂ ಇದ್ದಿರಬಹುದು. ಅಮ್ಮ ಕೇಳಿ ನೋಡಿ ಔಷಧಿ ಕೊಡುವುದಿಲ್ಲ. ಇದನ್ನು ನಾನು ಅಮ್ಮನಿಗೆ ಹೇಳಿದೆ. ‘ಅದು ನನ್ನ ಕೆಲಸ’ ಅಂದರು. ನಾನೂ ಅದನ್ನೇ ಹೇಳುತ್ತಿರುವುದು ಅಮ್ಮಾ, ಅಂದೆ. ಅವರು ಬಾಗಿಲು ಸ್ವಲ್ಪ ಜೋರಾಗಿ ಹಾಕಿಕೊಂಡು ಹೋದರು.

ಅಮ್ಮನಿಗೆ ಇರುವುದು ಭಯ, ಅದು ಸುಳ್ಳು ಭಯ ಅಂತ ನಾನು ಹೇಳಲಾರೆ. ಹಡಗಿನಲ್ಲೂ ಬಸ್‌ಸ್ಟಾಪಿನಂಥವರು ಒಬ್ಬಿಬ್ಬರು ಇರಬಹುದು. ಆದರೆ ಇನ್ನೊಂದು ದಿನವೂ ನನಗೆ ನೆನಪಿದೆ. ಕಿಲಾರ್ನಿಯ ದೊಡ್ಡ ಸಭಾಂಗಣ, ನನಗೆ ಆಗ ಒಂಬತ್ತು ವರ್ಷ. ಅಪ್ಪ ಅಮ್ಮ ನೂರಾರು ಜನರ ಜತೆ ಎದ್ದು ನಿಂತು ಈ ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದರು. ಫೋಟೋ ತೆಗೆದೆವು, ಬರುವ ದಾರಿಯಲ್ಲಿ ಬಿರಿಯಾನಿ ತಿಂದೆವು. ಭಾರತದ ಪಾಸ್‌ಪೋರ್ಟ್ ವಾಪಸು ಕೊಡುವಾಗ ಅಪ್ಪ ಅದರ ಪುಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ್ದು ಕೂಡ ನೆನಪಿದೆ. ಅವರಿಗೆ ಅದು ಸುಲಭ ಇರಲಿಲ್ಲ. ಹಾಗಿದ್ದರೆ ಆ ಪ್ರಮಾಣ ಬರೀ ಏರ್‌ಪೋರ್ಟಿನಲ್ಲಿ ಸಣ್ಣ ಸಾಲಿನಲ್ಲಿ ನಿಲ್ಲುವುದಕ್ಕಾ? ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತ ನಮಗೆ ಇದೇ ಕನ್ನಡ ತರಗತಿಯಲ್ಲಿ ಕಲಿಸಿದ್ದೀರಿ. ನಾನು ನಾಲ್ಕನೇ ವಯಸ್ಸಿನಿಂದ ತಿಂದದ್ದು ಎರಡು ಮನೆಯ ಉಪ್ಪು.

ಇಲ್ಲಿ ಹಿರಿಯರಿಗೆ ಒಂದು ಮಾತು ಹೇಳಬೇಕು, ಕೋಪ ಮಾಡಿಕೊಳ್ಳಬೇಡಿ. ನಾವು ಈ ದೇಶದ ಆಸ್ಪತ್ರೆ, ಕಂಪನಿಗಳಲ್ಲಿ ಚೆನ್ನಾಗಿ ದುಡಿಯುತ್ತೇವೆ, ತೆರಿಗೆ ಕಟ್ಟುತ್ತೇವೆ. ಆದರೆ ಗಾರ್ಡಾ, ಸೇನೆ, ಕೌಂಟಿ ಕೌನ್ಸಿಲ್ ಇವೆಲ್ಲ ‘ಅವರದು’ ಅಂತ ದೂರ ನಿಲ್ಲುತ್ತೇವೆ. ಸ್ಥಳೀಯ ಚುನಾವಣೆಯಲ್ಲಿ ಪೌರತ್ವ ಇಲ್ಲದವರೂ ಇಲ್ಲಿ ವಾಸ ಇದ್ದರೆ ಮತ ಹಾಕಬಹುದು. ನಮ್ಮ ಹತ್ತಿರದ ಮನೆಗಳಲ್ಲಿ 2024ರ ಜೂನ್‌ನಲ್ಲಿ ಎಷ್ಟು ಜನ ಹಾಕಿದಿರಿ ಅಂತ ನಾನು ಕೇಳಿದೆ, ಒಂಬತ್ತು ಮನೆಯಲ್ಲಿ ಎರಡು ಮನೆಯವರು. 2019ರಲ್ಲೇ ಗಾರ್ಡಾ ಸಮವಸ್ತ್ರದ ಜತೆ ಪೇಟ, ಹಿಜಾಬ್ ಹಾಕಬಹುದು ಅಂತ ನಿಯಮ ಬದಲಿಸಿದರು. ಬಾಗಿಲು ಪೂರ್ತಿ ತೆರೆದಿದೆ ಅಂತ ನಾನು ಹೇಳುತ್ತಿಲ್ಲ. ನಾವು ತಟ್ಟಿಯೂ ನೋಡಿಲ್ಲ. ಬಸ್‌ಸ್ಟಾಪಿನಲ್ಲಿ ಕೂಗಿದ ಹುಡುಗ ನಾಳೆ ದೋಣಿ ಮಗುಚಿ ನೀರಿಗೆ ಬಿದ್ದಾಗ ಕೈ ಚಾಚುವವಳು ನನ್ನಂಥ ಮುಖದವಳಾದರೆ ಅವನು ಬದಲಾಗುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಬದಲಾಗದಿದ್ದರೂ ಅವನನ್ನು ಎತ್ತಬೇಕು, ಕೆಲಸ ಅದು.

ಲೇಸಿಯ ಉತ್ತರ ಮಾತ್ರ ನನಗೆ ಬೇಡ. ಆಳುವವರು ಯಾರಾದರೂ ಸರಿ ಅನ್ನುವುದಾದರೆ ಅಜ್ಜ ಹೇಳಿದ್ದೇ ಸರಿ, ಅಂಥ ಸೆಲ್ಯೂಟ್ ಹೊಡೆಯಲು ಇಷ್ಟು ದೂರ ಬರಬೇಕಾಗಿರಲಿಲ್ಲ. ನಾನು ಈ ನೌಕಾಪಡೆಯನ್ನೇ ನೋಡುತ್ತಿರುವುದು ಅದು ಇಲ್ಲಿಯವರೆಗೆ ಹೆಚ್ಚಾಗಿ ಮಾಡಿದ್ದು ಮೀನುಗಾರಿಕೆ ಕಾಯುವುದು, ಕಳ್ಳಸಾಗಣೆ ಹಿಡಿಯುವುದು, ಮುಳುಗುವವರನ್ನು ಎತ್ತುವುದು ಅಂತ. ನಾಳೆ ಯಾರದೋ ಹಳ್ಳಿ ಸುಡಲು ಕಳಿಸಿದರೆ? ಕಳಿಸಲಿಕ್ಕಿಲ್ಲ ಅಂತ ನಂಬಿದ್ದೇನೆ. ಹಾಗೆ ಕಳಿಸದಂತೆ ನೋಡಿಕೊಳ್ಳಲೂ ಮತ ಹಾಕಬೇಕು, ಆ ಒಂಬತ್ತು ಮನೆಯವರೂ.

ಕಳೆದ ಭಾನುವಾರ ಅಜ್ಜ ಮತ್ತೆ ಫೋನ್ ಮಾಡಿದರು. ಒಪ್ಪಿದೆ ಅಂತ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಹಡಗಿನಲ್ಲಿ ಅನ್ನ ಸಾರು ಸಿಗುತ್ತದಾ ಅಂತ ಕೇಳಿದರು. ಆಮೇಲೆ, ‘ಕೂಸೆ, ನಿನಗೆ ಈಜು ಬರ್ತದಾ?’

ಬರುವುದಿಲ್ಲ! ಹೊನ್ನಾವರದ ಮೊಮ್ಮಗಳಿಗೆ ಈಜು ಬರುವುದಿಲ್ಲ ಅಂತ ಅಜ್ಜ ಐದು ನಿಮಿಷ ನಕ್ಕರು, ಫೋನಿನ ಆ ಕಡೆ ಅಜ್ಜಿಗೂ ಕೇಳಿಸುವ ಹಾಗೆ ಹೇಳಿ ನಕ್ಕರು. ಅಪ್ಪ ಮರುದಿನ ಏನೂ ಮಾತಾಡದೆ ಈಜುಕೊಳದ ಫಾರಂ ತಂದು ಟೇಬಲ್ ಮೇಲೆ ಇಟ್ಟರು. ತರಗತಿ ಇರುವುದು ಶನಿವಾರ ಬೆಳಿಗ್ಗೆ ಮಾತ್ರ. ಹಾಗಾಗಿ ಟೀಚರ್, ಮುಂದಿನ ತಿಂಗಳಿನಿಂದ ನಾನು ಕನ್ನಡ ತರಗತಿಗೆ ಅರ್ಧ ಗಂಟೆ ತಡವಾಗಿ ಬರುತ್ತೇನೆ. ಕೂದಲು ಒದ್ದೆ ಇರುತ್ತದೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.